ಇಪ್ಪತ್ತಾರನೇ ನಂಬರಿನ ಮನೆ

ಆಲ್ಡೆನ್‌ಬರ್ಗ್, ವಿಸ್ಕಾನ್ಸಿನ್
7 ಮಾರ್ಚ್ 1999

ಅಡೆಲಾ,

ಕ್ರಿಸ್‌ಮಸ್ ಕಾರ್ಡಿನಲ್ಲಿ ‘ಚೆನ್ನಾಗಿದ್ದೇನೆ, ನೀನೂ ಹಾಗೇ ಇರಬಹುದು’ ಎಂದು ಒಂದೇ ಸಾಲು ಗೀಚುವ ತಂಗಿ ಮಾರ್ಚಿನಲ್ಲಿ ಇಷ್ಟುದ್ದ ಕಾಗದ ಬರೆದಿದ್ದಾಳೆಂದರೆ ಯಾರೋ ಸತ್ತಿರಬೇಕು ಎಂದುಕೊಂಡಿರುತ್ತೀಯ. ಯಾರೂ ಸತ್ತಿಲ್ಲ. ನಮ್ಮ ಮನೆ ಎದ್ದು ಓಡುತ್ತಿದೆ. ಅದನ್ನು ತಿಳಿಸಲು ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದ ಹಿಂದೆ ಸರೋವರದ ದಂಡೆಯ ಜಾಗ ಮಾರಿದಾಗ ಮನೆಯನ್ನು ಇಲ್ಲಿ ಹಳೇ ಟ್ರಾಮ್‌ಗಳನ್ನು ರಿಪೇರಿ ಮಾಡಿ ಓಡಿಸುವ ಸಂಘದವರಿಗೆ ಕೊಟ್ಟುಬಿಟ್ಟೆನಲ್ಲ, ನಿನ್ನನ್ನು ಒಂದು ಮಾತೂ ಕೇಳದೆ. ಆಮೇಲೆ ಎರಡು ವರ್ಷ ನೀನು ಕಾರ್ಡನ್ನೂ ಕಳಿಸಲಿಲ್ಲ. ಅವರು ಅದನ್ನು ಲಾರಿಯ ಮೇಲೆ ಹೊತ್ತುಕೊಂಡು ಹೋದ ದಿನ ನಾನೂ ಹಿಂದೆಯೇ ಕಾರಿನಲ್ಲಿ ಹೋದೆ. ಅಪ್ಪ ಹದಿನಾಲ್ಕು ವರ್ಷ ಓಡಿಸಿದ ಟ್ರಾಮ್ ಗಾಡಿ, ಲೈನು ಮುಚ್ಚಿದಾಗ ಚಕ್ರ ಕಿತ್ತ ಬರೀ ಮೈಯನ್ನು ಕೊಂಡು ತಂದು, ಒಲೆ ಹಾಕಿ, ನಮ್ಮನ್ನು ಬೆಳೆಸಿದ ಗಾಡಿ. ಈಗ ಅದಕ್ಕೆ ಮತ್ತೆ ಚಕ್ರ ಬಂದಿದೆ, ಮೋಟಾರು ಬಂದಿದೆ. ಅಡುಗೆಮನೆಯ ಅಡ್ಡಗೋಡೆ ಇಲ್ಲ. ಅಮ್ಮ ನೆಲಕ್ಕೆ ಹಾಸಿದ್ದ ಹಸಿರು ಹಾಳೆ ಕಿತ್ತಿದ್ದಾರೆ, ಅದರಡಿ ಓಕ್ ಮರದ ಪಟ್ಟಿಗಳಿದ್ದವಂತೆ. ನೀನು ಮಲಗುತ್ತಿದ್ದ ತುದಿಯಲ್ಲಿ, ಮೂರು ಗಾಜಿನ ಆ ಕಿಟಕಿಯ ಕೆಳಗೆ, ಚಾಲಕ ನಿಲ್ಲುವ ಜಾಗ ವಾಪಸು ಬಂದಿದೆ.

ಈ ಕೆಲಸವನ್ನೆಲ್ಲ ಮಾಡಿಸಿದವನು ಆರ್ವಿಡ್ ಹೋಲ್ಮ್ ಎಂಬ ಮುದುಕ. ಹಾಲಿನ ಡೈರಿಯಲ್ಲಿ ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು, ಇಲ್ಲಿ ಸಂಬಳವಿಲ್ಲದೆ ದಿನವೆಲ್ಲ ದುಡಿಯುತ್ತಾನೆ. ನನ್ನನ್ನು ಕಂಡರೆ ಅವನಿಗೆ ಅರ್ಧ ಸಿಟ್ಟು.

“ನೋಡು ಇರ್ಮಾ, ನೀನು ಮಾತೆತ್ತಿದ್ರೆ ಮನೆ ಮನೆ ಅಂತೀಯ. ನಮಗೆ ಇದು ಇಪ್ಪತ್ತಾರನೇ ನಂಬರಿನ ಗಾಡಿ ಅಷ್ಟೇ. ನಿಮ್ಮಪ್ಪ ಒಲೆ ಕೊಳವೆಗೆ ಅಂತ ಮೇಲೆ ತೂತು ಕೊರೆದ್ರಲ್ಲ, ಅದನ್ನ ಮುಚ್ಚೋಕೆ ನನಗೆ ಎರಡು ಚಳಿಗಾಲ ಹಿಡೀತು.”

“ನಮಗೆ ಅದರಿಂದ ಇಪ್ಪತ್ತು ಚಳಿಗಾಲ ಕಳೀತು,” ಅಂದೆ.

ಕಿಟಕಿ ಇಳಿಸಿದರೆ ಗಾಜು ಗೋಡೆಯೊಳಗಿನ ಸಂದಿಗೆ ಹೋಗುತ್ತಿತ್ತಲ್ಲ, ಆ ಸಂದಿಗಳನ್ನು ಬಿಚ್ಚಿದಾಗ ಮೂವತ್ತೊಂದು ಹೇರ್‌ಪಿನ್ನು, ಒಂದು ಚಮಚ, ಗಣಿತದಲ್ಲಿ ಫೇಲಾದ ನನ್ನ ಅಂಕಪಟ್ಟಿ ಸಿಕ್ಕವು. ಆರ್ವಿಡ್ ಎಲ್ಲಕ್ಕೂ ಚೀಟಿ ಅಂಟಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ. ಅಂಕಪಟ್ಟಿಯನ್ನಾದರೂ ಕೊಡಪ್ಪ ಎಂದರೆ ಕೊಡುವುದಿಲ್ಲ.

ಜೂನ್ ಹದಿಮೂರಕ್ಕೆ ಅದು ಮೊದಲ ಸಲ ಜನರನ್ನು ಕೂರಿಸಿಕೊಂಡು ಹೊರಡುತ್ತದೆ. ಅಪ್ಪ ಓಡಿಸುತ್ತಿದ್ದ ಹಳಿಯಲ್ಲಿ ಉಳಿದಿರುವುದು ಏಳು ಮೈಲಿ ಮಾತ್ರ, ಊರಿನಿಂದ ಸರೋವರದವರೆಗೆ. ನಮ್ಮ ಅಂಚೆಪೆಟ್ಟಿಗೆ ಇದ್ದ ಜಾಗದ ಪಕ್ಕದಲ್ಲೇ ಹಾದು ಹೋಗುತ್ತದೆ. ಗಂಟೆಯ ಹಗ್ಗ ಹೊಸದು. ಗಂಟೆ ಮಾತ್ರ ನಮ್ಮದೇ.

ಬಾ ಅಡೆಲಾ. ಒಮ್ಮೆ ಕೂತು ಹೋಗೋಣ.

ನಿನ್ನ ತಂಗಿ
ಇರ್ಮಾ


ಡುಲೂತ್, ಮಿನ್ನೆಸೋಟ
19 ಮಾರ್ಚ್ 1999

ಇರ್ಮಾ,

ಮನೆ ಓಡುತ್ತಿದೆ ಎಂದು ಬರೆದಿದ್ದೀಯ. ಸಂತೋಷ. ಆ ಮನೆಯಿಂದ ಮೊದಲು ಓಡಿದವಳು ನಾನು. ಅದಕ್ಕೆ ಬುದ್ಧಿ ಬರಲು ಇಷ್ಟು ವರ್ಷ ಬೇಕಾಯಿತು.

ನಾನು ಬರುವುದಿಲ್ಲ. ಮೊಣಕಾಲು ನೋವು, ಬಸ್ಸಿನ ದೂರ, ಇವೆಲ್ಲ ನೆಪ ಹೇಳಬಹುದಿತ್ತು. ಮೊಣಕಾಲು ಚೆನ್ನಾಗಿಯೇ ಇದೆ. ಕಳೆದ ತಿಂಗಳು ನಾನೇ ಪೆಟ್ಟಿಗೆ ಹೊತ್ತು ಮನೆ ಬದಲಾಯಿಸಿದೆ. ಇದು ನನ್ನ ಹದಿನಾಲ್ಕನೇ ವಿಳಾಸ, ಕಬ್ಬಿಣದ ಸಾಮಾನಿನ ಅಂಗಡಿಯ ಮೇಲೆ. ಕಿಟಕಿಯಿಂದ ಹಡಗುಗಳು ಕಾಣುತ್ತವೆ. ನನ್ನ ಕಾಲಿಗೆ ಚಕ್ರ ಕಟ್ಟಿದೆ ಎಂದು ಅಪ್ಪ ಹೇಳುತ್ತಿದ್ದ. ಮನೆಯ ಚಕ್ರ ಕಿತ್ತದ್ದು ಅವನೇ. ಆ ಚಕ್ರ ಎಲ್ಲಿಗಾದರೂ ಹೋಗಬೇಕಿತ್ತಲ್ಲ.

ಮನೆ ಕೊಟ್ಟಿದ್ದಕ್ಕೆ ನಿನ್ನ ಮೇಲೆ ಸಿಟ್ಟಿತ್ತು. ಅದು ತೀರಿಹೋಯಿತು. ಬರದಿರುವುದಕ್ಕೆ ಕಾರಣ ಬೇರೆ, ಅದನ್ನು ನಿನಗೆ ಯಾವತ್ತೂ ಹೇಳಿಲ್ಲ. ಹೇಳಿಬಿಡುತ್ತೇನೆ. ಮತ್ತೆ ಮತ್ತೆ ಕರೆಯಬೇಡ.

1953ರ ಅಕ್ಟೋಬರ್, ಶನಿವಾರ. ಅಪ್ಪ ಸತ್ತು ಎಂಟು ತಿಂಗಳಾಗಿತ್ತು. ನನಗೆ ಹತ್ತೊಂಬತ್ತು, ಮಿಲ್ವಾಕಿಯ ನೇಯ್ಗೆ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಅಮ್ಮ ಬೇಡವೆಂದಳು. ನಾನು ಆಡಬಾರದ್ದನ್ನು ಆಡಿದೆ. “ಇದು ಮನೆಯಲ್ಲ, ಎಲ್ಲಿಗೂ ಹೋಗದ ಗಾಡಿ. ಇದರಲ್ಲಿ ಕೂತು ಕೂತು ನೀನೂ ಕೊಳೀತಿದ್ದೀಯ” ಎಂದೆ. “ಹೋಗೋರಿಗೆ ಬಾಗಿಲು ತೆಗೆದೇ ಇದೆ” ಎಂದಳು. ಅವಳು ಮತ್ತೇನೂ ಹೇಳದೆ ಹಿತ್ತಲಿಗೆ ಹೋದಳು, ನಾನು ಪೆಟ್ಟಿಗೆ ಎತ್ತಿಕೊಂಡು ದಾರಿಗೆ ಇಳಿದೆ.

ನಮ್ಮ ಮನೆಯಲ್ಲಿ ಮಾತಿಗಿಂತ ಗಂಟೆಗೆ ಬೆಲೆ ಹೆಚ್ಚು, ನಿನಗೆ ಗೊತ್ತು. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೊರಡು, ಮೂರು ಸಲ ಎಳೆದರೆ ಹಿಂದಕ್ಕೆ ಬಾ. ಕಂಡಕ್ಟರ್ ಚಾಲಕನಿಗೆ ಹೇಳುವ ಮಾತುಗಳು. ಅಮ್ಮ ನಮಗೆ ಹೇಳುತ್ತಿದ್ದದ್ದೂ ಅವನ್ನೇ. ಜಗಳಕ್ಕೆ ಒಂದು, ಸ್ಕೂಲಿಗೆ ಎರಡು, ಊಟಕ್ಕೆ ಮೂರು. ಬೇರೆಯವರು ಹಗ್ಗ ಮುಟ್ಟಿದರೆ ಬೆರಳಿಗೆ ಸೌಟಿನ ಏಟು.

ಅಂಚೆಪೆಟ್ಟಿಗೆಯ ಹತ್ತಿರ ನಾನು ನಿಂತೆ. ಶೂ ಲೇಸು ಕಟ್ಟಿಕೊಳ್ಳುವ ನೆಪದಲ್ಲಿ ನಿಂತೆ. ಬಿಚ್ಚಿ, ಕಟ್ಟಿ, ಮತ್ತೆ ಬಿಚ್ಚಿದೆ. ಅಮ್ಮ ಮೂರು ಬಾರಿಸಿದರೆ ತಿರುಗೋಣ ಎಂದು ಮನಸ್ಸಿನಲ್ಲೇ ಒಪ್ಪಂದ ಮಾಡಿಕೊಂಡಿದ್ದೆ. ಗಂಟೆ ಬಾರಿಸಿತು. ಎರಡು. ಇನ್ನೊಂದಕ್ಕೆ ಕಾದೆ. ಬರಲಿಲ್ಲ.

ಎರಡು ಎಂದರೆ ಹೊರಡು. ಹೊರಟೆ. ಇನ್ನೂ ನಿಂತಿಲ್ಲ. ಹೆತ್ತವಳು ಮಗಳನ್ನು ಗಾಡಿ ಕಳಿಸಿದ ಹಾಗೆ ಕಳಿಸಿದಳಲ್ಲ, ಆ ಗಂಟೆಯನ್ನು ಮತ್ತೆ ಕೇಳಲು ನಾನು ಟಿಕೆಟ್ ಕೊಂಡು ಕೂರಬೇಕೇ? ಅಮ್ಮನ ಮಣ್ಣಿಗೆ ಬಂದಾಗಲೂ ನಾನು ಮನೆಗೆ ಕಾಲಿಡದೆ ಸ್ಮಶಾನದ ಗೇಟಿನಿಂದಲೇ ಹಿಂತಿರುಗಿದ್ದು ಇದಕ್ಕೇ.

ನೀನು ಹೋಗಿ ಕೂತು ಬಾ. ನನಗೆ ಫೋಟೋ ಕೂಡ ಬೇಡ.

ಅಡೆಲಾ


ಆಲ್ಡೆನ್‌ಬರ್ಗ್
28 ಏಪ್ರಿಲ್ 1999

ಅಡೆಲಾ,

ನಿನ್ನ ಕಾಗದಕ್ಕೆ ತಡವಾಗಿ ಉತ್ತರಿಸುತ್ತಿದ್ದೇನೆ. ಇಲ್ಲಿ ಹಿಮ ಕರಗಿ ಹಳಿಯ ಪಕ್ಕವೆಲ್ಲ ಕೆಸರು. ನಮ್ಮ ಸೇಬಿನ ಮರ ಹೊಸ ಮಾಲೀಕರ ಅಂಗಳದಲ್ಲಿ ಇನ್ನೂ ನಿಂತಿದೆ. ಈ ವರ್ಷ ಮೊಗ್ಗು ಕಡಿಮೆ.

ಒಂದು ಸುದ್ದಿ ಹೇಳಿದರೆ ನಗುತ್ತೀಯ. ನಾನು ಕಂಡಕ್ಟರ್ ಆಗಲು ಹೊರಟಿದ್ದೇನೆ. ಐವತ್ತೇಳು ವರ್ಷಕ್ಕೆ ಟೋಪಿ, ಕೋಟು, ಟಿಕೆಟ್ಟಿಗೆ ತೂತು ಹಾಕುವ ಇಕ್ಕಳ. ಇಲ್ಲಿ ಎಲ್ಲರೂ ಹೀಗೇ, ಶನಿವಾರ ಭಾನುವಾರ ಬಂದು ಬಿಟ್ಟಿ ದುಡಿಯುವ ನಿವೃತ್ತರು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಪಾದ್ರಿ. ಪಾದ್ರಿ ಗಾಡಿ ಓಡಿಸುವಾಗ ಬೈಯುವಷ್ಟು ಬೇರೆ ಯಾರೂ ಬೈಯುವುದಿಲ್ಲ. ಗಂಡ ಹೋದ ಮೇಲೆ ಮನೆಯಲ್ಲಿ ಕೂರಲು ಆಗುವುದಿಲ್ಲ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುತ್ತೇನೆ, ಯಾಕೆ ಬಂದೆ ಎಂದು ಮರೆಯುತ್ತೇನೆ. ಗಾಡಿಯಲ್ಲಿ ಹಾಗಿಲ್ಲ. ತುದಿ ಮುಟ್ಟಿದ ಮೇಲೆ ಏನು ಮಾಡಬೇಕೆಂದು ಬರೆದಿಟ್ಟಿದ್ದಾರೆ. ಮಾಡಿನ ಮೇಲೆ ಕರೆಂಟು ಎಳೆಯುವ ಎರಡು ಕೋಲುಗಳಲ್ಲಿ ಒಂದನ್ನು ತಂತಿಯಿಂದ ಇಳಿಸಿ ಕಟ್ಟು, ಆ ಕಡೆಯದನ್ನು ಬಿಚ್ಚಿ ತಂತಿಗೆ ಕೂರಿಸು, ಸೀಟುಗಳ ಬೆನ್ನನ್ನು ಒಂದೊಂದಾಗಿ ಮಗುಚುತ್ತಾ ಬಾ. ಚಾಲಕ ಗಾಡಿ ಓಡಿಸುವ ಹಿಡಿಕೆ ಕಿತ್ತುಕೊಂಡು ಆ ತುದಿಗೆ ನಡೆಯುತ್ತಾನೆ. ಹಿಂದಿದ್ದದ್ದು ಮುಂದಾಗುತ್ತದೆ. ಗಾಡಿ ತಿರುಗುವುದೇ ಇಲ್ಲ. ಮಕ್ಕಳಿಗೆ ಸೀಟು ಮಗುಚುವುದೆಂದರೆ ಹಬ್ಬ.

ಹೋದ ವಾರ ನನ್ನ ಪರೀಕ್ಷೆ ಇತ್ತು. ಬರೆಯುವುದರಲ್ಲಿ ಪಾಸಾದೆ. ಆಮೇಲೆ ಚಿಕಾಗೊದಿಂದ ತಂದ ಹಳೇ ಗಾಡಿಯಲ್ಲಿ ಆರ್ವಿಡ್ ನನ್ನನ್ನು ಹಿಂದೆ ನಿಲ್ಲಿಸಿ, ತಾನು ಮುಂದೆ ಹಿಡಿಕೆ ಹಿಡಿದು ನಿಂತ.

“ಹೂಂ, ಹಿಂದಕ್ಕೆ ಬರೋಕೆ ಹೇಳು,” ಎಂದು ಕೂಗಿದ.

ನಾನು ಹಗ್ಗ ಹಿಡಿದೆ. ಎಳೆದೆ. ಎರಡು ಸಲ ಎಳೆದು ಕೈ ನಿಂತುಬಿಟ್ಟಿತು. ಗಾಡಿ ಮುಂದಕ್ಕೆ ಜಗ್ಗಿತು. ಆರ್ವಿಡ್ ಬ್ರೇಕು ಹಾಕಿ ಇಡೀ ಗಾಡಿ ನಡೆದುಕೊಂಡು ಬಂದ.

“ಏನಮ್ಮ ಇದು? ಕಾಗದದ ಮೇಲೆ ಮೂರು ಅಂತ ಚೆಂದವಾಗಿ ಬರೆದಿದ್ದೀಯ, ಕೈಯಲ್ಲಿ ಎರಡು ಬಾರಿಸ್ತೀಯ. ಆ ಗಂಟೆ ಕೇಳ್ಕೊಂಡೇ ಬೆಳೆದವಳು ನೀನು. ನಿನಗೇ ಬರದಿದ್ರೆ ಇನ್ಯಾರಿಗೆ ಬರಬೇಕು?”

ಮತ್ತೆ ಹೇಳಿದ. ಮತ್ತೆ ಎರಡೇ. ಅಳು ಬಂತು. ಅವನು ಗಾಬರಿಯಾಗಿ ಥರ್ಮಾಸಿನಿಂದ ಕಾಫಿ ಸುರಿದು ಕೊಟ್ಟ. ಪರೀಕ್ಷೆ ಮುಂದಿನ ತಿಂಗಳಿಗೆ ಹೋಯಿತು.

ನಿನ್ನ ಕಾಗದವನ್ನು ತುಂಬಾ ಸಲ ಓದಿದೆ. ಆ ಲೇಸಿನ ವಿಷಯ ನನಗೆ ಗೊತ್ತಿರಲಿಲ್ಲ. ನೀನು ನಿಂತಿದ್ದೆ ಎಂಬುದೇ ಗೊತ್ತಿರಲಿಲ್ಲ. ಸೇಬಿನ ಮರದಿಂದಾಚೆ ಕಾಣುತ್ತಿರಲಿಲ್ಲವಲ್ಲ.

ನಾಳೆ ಗಾಡಿ ನಿಲ್ಲಿಸುವ ಅಂಗಳದಲ್ಲಿ ಕೆಲಸವಿದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಇರ್ಮಾ


ಡುಲೂತ್
9 ಮೇ 1999

ಇರ್ಮಾ,

ಸೇಬಿನ ಮೊಗ್ಗು, ಹಿಮ, ಕೆಸರು. ಚಿಕ್ಕವಳಿದ್ದಾಗ ಕಾಫಿ ಕಪ್ಪು ಒಡೆದ ದಿನ ನೀನು ಹವಾಮಾನದ ಮಾತನ್ನೇ ಆಡುತ್ತಿದ್ದೆ. “ಅಮ್ಮಾ, ಮೋಡ ಎಷ್ಟು ಕಪ್ಪಗಿದೆ ನೋಡು” ಎಂದರೆ ನಾನು ಮೊದಲು ಕಪಾಟು ನೋಡುತ್ತಿದ್ದೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ನಿನ್ನ ಕಾಗದ. ನಾನು ಗಂಟೆಯ ವಿಷಯ ಬರೆದೆ. ನೀನು ಪರೀಕ್ಷೆಯಲ್ಲಿ ಎರಡು ಬಾರಿಸಿ ಅತ್ತುಬಿಟ್ಟೆ. ನಾನು ಶೂ ಲೇಸು ಕಟ್ಟುತ್ತಾ ನಿಂತಿದ್ದು ಗೊತ್ತಿರಲಿಲ್ಲ ಎನ್ನುತ್ತೀಯ. ಮಿಕ್ಕಿದ್ದೆಲ್ಲ ಗೊತ್ತಿತ್ತೇ ಹಾಗಾದರೆ?

ಎರಡು ದಿನದಿಂದ ನಿದ್ದೆಯಿಲ್ಲ, ಬಂದರಿನವರೆಗೂ ನಡೆದು ಬರುತ್ತೇನೆ, ಮತ್ತೆ ನಿನ್ನ ಕಾಗದ ಬಿಡಿಸುತ್ತೇನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಸಾಕು. ಏನು ಒಡೆದಿದ್ದೀಯ ಹೇಳು.

ಅಡೆಲಾ


ಆಲ್ಡೆನ್‌ಬರ್ಗ್
16 ಮೇ 1999

ಅಡೆಲಾ,

ಈ ಕಾಗದವನ್ನು ಐದನೇ ಸಲ ಬರೆಯುತ್ತಿದ್ದೇನೆ. ಮೊದಲ ನಾಲ್ಕರಲ್ಲಿ ಆಗ ನನ್ನ ವಯಸ್ಸು ಹನ್ನೊಂದು ಎಂದು ಮೊದಲ ಸಾಲಿನಲ್ಲೇ ಬರೆದಿದ್ದೆ. ಅದಕ್ಕೇ ಹರಿದೆ.

ಗಂಟೆ ಬಾರಿಸಿದ್ದು ಅಮ್ಮ ಅಲ್ಲ. ನಾನು.

ಅಮ್ಮ ಆಗ ದಿಬ್ಬದಡಿಯ ನೆಲಮಾಳಿಗೆಯಲ್ಲಿದ್ದಳು. ಚಳಿಗಾಲಕ್ಕೆಂದು ಕೋಸು ಹೆಚ್ಚಿ, ಉಪ್ಪು ಹಾಕಿ ಭರಣಿಗೆ ತುಂಬುವ ದಿನ ಅದು. ನಿನ್ನ ಜೊತೆ ಜಗಳವಾಡಿ ಅಲ್ಲಿಗೇ ಇಳಿದಿದ್ದಳು. ಮೊಣಕೈವರೆಗೆ ಉಪ್ಪು, ಕೋಸು. ನಾನು ಮೆಟ್ಟಿಲ ಮೇಲೆ ಕೂತು ಅವಳು ಭರಣಿಗೆ ಗುದ್ದುವುದನ್ನು ನೋಡುತ್ತಿದ್ದೆ. ನಡುವೆ ಕೈ ನಿಲ್ಲಿಸಿದಳು.

“ಹೋದಳಾ?” ಎಂದಳು.

“ಹೋಗ್ತಿದ್ದಾಳೆ.”

“ಓಡು. ಮೂರು ಬಾರಿಸು. ಅವಳು ತಿರುವು ದಾಟೋಕೆ ಮುಂಚೆ.”

“ನೀನೇ ಬಾರಿಸು.”

“ಉಪ್ಪು ಕೈಯಲ್ಲಿ ಹಗ್ಗ ಮುಟ್ಟಬಾರದು ಅಂತ ನಿಮ್ಮಪ್ಪ ಹೇಳಿಲ್ವಾ? ಓಡು ಅಂದ್ನಲ್ಲ.”

ಕೈ ಒರೆಸಿಕೊಳ್ಳಬಹುದಿತ್ತು ಅವಳು. ತಾನೇ ಹೋಗಿ ಕರೆಯುವುದು ಅವಳಿಂದ ಆಗುತ್ತಿರಲಿಲ್ಲ, ಅದಕ್ಕೆ ಉಪ್ಪು ಒಂದು ನೆಪ. ಇದು ನನಗೆ ಅರ್ಥವಾದದ್ದು ಮೂವತ್ತು ದಾಟಿದ ಮೇಲೆ.

ನಾನು ಓಡಿದೆ. ಸ್ಟೂಲಿನ ಮೇಲೆ ಹತ್ತಿ ಹಗ್ಗ ಹಿಡಿದೆ. ಜನ್ಮದಲ್ಲಿ ಮೊದಲ ಸಲ ಅಪ್ಪಣೆಯಿಂದ ಹಗ್ಗ ಹಿಡಿದದ್ದು. ಅಲ್ಲಿಂದ ನಿನ್ನ ಹಾಸಿಗೆ ಕಾಣುತ್ತಿತ್ತು, ಮೂರು ಗಾಜಿನ ಕಿಟಕಿ, ಅದರಾಚೆ ಸರೋವರ. ನಾನು ಹುಟ್ಟಿದಾಗಿನಿಂದ ನಡುವಿನ ಬೆಂಚಿನಲ್ಲಿ ಮಲಗಿದವಳು, ಒಲೆಯ ಬೆನ್ನಿಗೆ. ನಿನ್ನ ತುದಿಗೆ ಕಾಲಿಟ್ಟರೆ ನೀನು ನನ್ನ ಕೂದಲು ಹಿಡಿದು ಎಳೆದು ಹಾಕುತ್ತಿದ್ದೆ. ಹಗ್ಗವನ್ನು ಒಂದು ಸಲ ಎಳೆದೆ. ಎರಡು ಎಳೆದೆ. ಒಂದು ವಾರ ಆ ಕಿಟಕಿ ನನ್ನದಾಗಲಿ ಅನಿಸಿತು. ಮುಂದಿನ ಭಾನುವಾರ ನೀನು ಹೇಗೂ ಬರುತ್ತೀಯ ಎಂದುಕೊಂಡೆ. ಕೈ ಬಿಟ್ಟೆ.

ಅಷ್ಟೇ ಅಡೆಲಾ. ಕಿಟಕಿಗಾಗಿ.

ಅಮ್ಮ ಮೇಲೆ ಬಂದಳು. ನೆಲಮಾಳಿಗೆಯೊಳಗೆ ಏನೂ ಕೇಳಿಸುವುದಿಲ್ಲ. “ಬಾರಿಸಿದೆಯಾ?” ಅಂದಳು. ಬಾರಿಸಿದೆ ಅಂದೆ. “ಮೂರಾ?” ಮೂರು ಅಂದೆ. ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದಳು, ಕೈಯಿಂದ ಕೋಸಿನ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ, “ಕೇಳಿಸಿರುತ್ತೆ. ಕಿವಿ ಇದೆ ಅವಳಿಗೆ” ಎಂದು ಮತ್ತೆ ಇಳಿದು ಹೋದಳು.

ಆ ಹಾಸಿಗೆಯಲ್ಲಿ ನನ್ನನ್ನು ಒಂದು ದಿನವೂ ಮಲಗಲು ಬಿಡಲಿಲ್ಲ. “ಅದು ಅವಳ ಜಾಗ” ಎಂದಳು. ಒಂಬತ್ತು ವರ್ಷ, ಸಾಯುವವರೆಗೆ, ಶನಿವಾರ ಶನಿವಾರ ಹಾಸಿಗೆ ಬಟ್ಟೆ ಬದಲಾಯಿಸಿದಳು. ನಿನಗೆ ಕಾಗದ ಬರೆಯಮ್ಮ ಎಂದರೆ, “ನಾನು ಕರೆದೆ. ಬರಲ್ಲ ಅಂದವಳಿಗೆ ಇನ್ನೇನು ಬರೆಯೋದು” ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ನಾನು ಹೊರಗೆ ಹೋಗಿಬಿಡುತ್ತಿದ್ದೆ.

ಮೊದಲು ಏಟಿಗೆ ಹೆದರಿ ಹೇಳಲಿಲ್ಲ. ಆಮೇಲೆ ಅಮ್ಮನಿಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅಮ್ಮ ಹೋದ ಮೇಲೆ ಹೇಳಿ ಏನು ಪ್ರಯೋಜನ ಎಂದುಕೊಂಡೆ. ನೀನು ಆ ಗಂಟೆಯನ್ನು ಲೆಕ್ಕಕ್ಕೇ ಇಟ್ಟುಕೊಂಡಿಲ್ಲ, ಹೇಗೂ ಹೋಗಬೇಕೆಂದೇ ಹೋದೆ ಎಂದು ನನಗೆ ನಾನೇ ಹೇಳಿಕೊಂಡು ಬದುಕಿದೆ. ನಿನ್ನ ಲೇಸು ಅದನ್ನೂ ಕಿತ್ತುಕೊಂಡಿತು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಗೊತ್ತಿರಲಿ ಎಂದು ಬರೆದೆ. ಅವಳು ನಿನ್ನನ್ನು ಕರೆದಿದ್ದಳು.

ಇರ್ಮಾ


ಆಲ್ಡೆನ್‌ಬರ್ಗ್
20 ಜೂನ್ 1999

ಅಡೆಲಾ,

ಒಂದು ತಿಂಗಳ ಮೇಲಾಯಿತು. ಅಂಚೆಯವನಿಗೆ ನನ್ನ ಮುಖ ನೋಡಿ ಸಾಕಾಗಿದೆ. ನೀನು ಬರೆಯದಿದ್ದರೆ ಅದೂ ನ್ಯಾಯವೇ.

ಹದಿಮೂರಕ್ಕೆ ಗಾಡಿ ಓಡಿತು. ಪರೀಕ್ಷೆಗೆ ನಾನು ಮತ್ತೆ ಹೋಗಿರಲಿಲ್ಲ, ಕಂಡಕ್ಟರ್ ಆಗಿ ಅಲ್ಲ, ಟಿಕೆಟ್ ಕೊಂಡು ಕೂತೆ. ಮೇಯರ್ ಬಂದಿದ್ದ, ಬ್ಯಾಂಡು ಇತ್ತು, ಪಾಪ್‌ಕಾರ್ನ್ ಗಾಡಿಯ ಮುಂದೆ ಸಾಲು. ಆರ್ವಿಡ್ ಹೊಸ ಟೋಪಿ ಹಾಕಿಕೊಂಡು ಬಾಗಿಲ ಹಿಡಿಯನ್ನು ಮತ್ತೆ ಮತ್ತೆ ಒರೆಸುತ್ತಿದ್ದ. ಹಲ್ಲಿನ ಡಾಕ್ಟರು ಎರಡು ಬಾರಿಸಿದರು. ಅಡುಗೆಮನೆ ಅಲುಗಿತು ಅಡೆಲಾ. ಒಲೆ ಇದ್ದ ಜಾಗದಲ್ಲಿ ಕೂತಿದ್ದೆ, ಕಾಲಡಿಯಲ್ಲಿ ಮೋಟಾರು ಮುಲುಗಿತು, ಕಿಟಕಿಯ ಗಾಜುಗಳೆಲ್ಲ ಒಟ್ಟಿಗೆ ನಡುಗಿದವು. ಚಿಕ್ಕಂದಿನಲ್ಲಿ ನಾವು ಗಾಡಿಯಾಟ ಆಡುವಾಗ ನೀನು ಬಾಯಲ್ಲಿ ಮಾಡುತ್ತಿದ್ದ ಸದ್ದು ಅದೇ. ಹೇಗೆ ಗೊತ್ತಿತ್ತು ನಿನಗೆ? ಅಪ್ಪನ ಜೊತೆ ನೀನು ಹೋಗಿದ್ದೆ. ನಾನು ಹುಟ್ಟುವ ಹೊತ್ತಿಗೆ ಚಕ್ರ ಹೋಗಿಬಿಟ್ಟಿತ್ತು.

ನಿನ್ನ ಕಿಟಕಿಯ ಹತ್ತಿರ ಯಾರೋ ಒಬ್ಬಳು ಕೂತು ಐಸ್‌ಕ್ರೀಂ ತಿನ್ನುತ್ತಿದ್ದಳು. ಎದ್ದೇಳು ಎನ್ನಬೇಕೆಂದು ಬಾಯಿಯವರೆಗೆ ಬಂತು. ಅಂಚೆಪೆಟ್ಟಿಗೆಯ ಜಾಗ ಬಂದಾಗ ಕಣ್ಣು ಮುಚ್ಚಿಕೊಂಡೆ.

ಇನ್ನೇನೂ ಇಲ್ಲ.

ಇರ್ಮಾ


ಡುಲೂತ್
11 ಜುಲೈ 1999

ಇರ್ಮಾ,

ನಿನಗೆ ನಾಲ್ಕು ಉತ್ತರ ಬರೆದು ಹರಿದೆ. ಒಂದರಲ್ಲಿ ಬರೀ ಬೈಗುಳ. ಅದು ಚೆನ್ನಾಗಿತ್ತು, ಉಳಿಸಿಕೊಳ್ಳಬೇಕಿತ್ತು.

ನಿನ್ನ ಕಾಗದ ಬಂದ ದಿನ ಬಸ್ಸು ಹತ್ತಿ ಕೂತೆ. ಎಲ್ಲಿಗೆಂದು ಗೊತ್ತಿಲ್ಲ. ಕೊನೆಯ ನಿಲ್ದಾಣದಲ್ಲಿ ಡ್ರೈವರು, “ಇಳೀರಿ ಅಜ್ಜಿ, ಇಲ್ಲಿಂದ ಮುಂದೆ ಬಸ್ಸಿಲ್ಲ” ಎಂದ. ವಾಪಸು ಅದೇ ಬಸ್ಸಿನಲ್ಲಿ ಬಂದೆ. ಮರುದಿನವೂ ಹಾಗೇ ಮಾಡಿದೆ. ಮನೆಯಲ್ಲಿ ಕೂತರೆ ಅಮ್ಮ ಹಾಸಿಗೆ ಬಟ್ಟೆ ಕೊಡವುವುದು ಕೇಳಿಸುತ್ತಿತ್ತು.

ಹನ್ನೊಂದರ ಹುಡುಗಿಯನ್ನು ಹೊಡೆಯಲು ನನಗೆ ಕೈ ಬರುವುದಿಲ್ಲ. ಕಿಟಕಿ ಬೇಕಿತ್ತು ಅವಳಿಗೆ, ನಾನೂ ಕೊಡುತ್ತಿರಲಿಲ್ಲ. ಆದರೆ ಇಪ್ಪತ್ತರ ಇರ್ಮಾ ಇದ್ದಳಲ್ಲ. ಅಮ್ಮ ಸಾಯುವಾಗ ಪಕ್ಕದಲ್ಲಿದ್ದವಳು. ಸ್ಮಶಾನದ ಗೇಟಿನಲ್ಲಿ ನನ್ನ ಕೈ ಹಿಡಿದು, ಹಿಮ ಬೀಳುವ ಹಾಗಿದೆ ಎಂದವಳು. ಅವಳ ಕಪಾಳಕ್ಕೆ ಎರಡು ಬಿಗಿಯಬೇಕು. ಮೂರು.

ನಾನೇನು ಕಡಿಮೆ? ಒಂದು ಗಂಟೆಯ ಸದ್ದು ನಂಬಿ ಹೆತ್ತವಳನ್ನು ಬಿಟ್ಟೆ. ಅಮ್ಮನೂ ಹಾಗೇ. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ಕೂಗಿದ್ದರೆ ನೀನು ಎರಡೇ ಬಾರಿಸಿದ್ದಕ್ಕೆ ಏನು ಬೆಲೆ ಇರುತ್ತಿತ್ತು? ನಮ್ಮ ಮನೆಯವರಿಗೆ ಬಾಯಿ ಇರಲೇ ಇಲ್ಲ.

ಈಗ ಕೇಳು. ಆಗಸ್ಟ್ ಏಳು, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆಯ ಗಾಡಿ. ನಾನು ಅಂಚೆಪೆಟ್ಟಿಗೆ ಇದ್ದ ಜಾಗದಲ್ಲಿ ನಿಂತಿರುತ್ತೇನೆ. ಕೈ ತೋರಿಸುವುದಿಲ್ಲ. ಗಾಡಿ ನನ್ನನ್ನು ದಾಟಿ ಹೋಗಲಿ. ತಿರುವಿನವರೆಗೆ ಹೋಗಲಿ. ಅಲ್ಲಿ ನಿಲ್ಲಿಸಿ ನೀನು ಹಗ್ಗ ಎಳೆಯಬೇಕು, ಅಮ್ಮ ಹೇಳಿದಷ್ಟು ಸಲ. ಬೇರೆ ಯಾರೂ ಎಳೆಯಕೂಡದು. ಆಮೇಲೆ ನಾನು ಹತ್ತುತ್ತೇನೋ ಇಲ್ಲವೋ, ಅದು ನನಗೆ ಬಿಟ್ಟದ್ದು.

ಪರೀಕ್ಷೆ ಪಾಸು ಮಾಡಿಕೋ.

ಅಡೆಲಾ


ಆಲ್ಡೆನ್‌ಬರ್ಗ್
27 ಜುಲೈ 1999

ಅಡೆಲಾ,

ಪಾಸಾದೆ. ಆರ್ವಿಡ್‌ಗೆ ಎಲ್ಲ ಹೇಳಬೇಕಾಯಿತು. ಮೊದಲು ಸಿಟ್ಟಿಗೆ ಕುಣಿದಾಡಿದ.

“ಒಬ್ಬಳಿಗೋಸ್ಕರ ಗಾಡಿ ಹಿಂದಕ್ಕಾ? ನೆಟ್ಟಗೆ ನಿಂತು ಕೈ ತೋರಿಸೋಕೆ ಏನಂತೆ ನಿಮ್ಮಕ್ಕಂಗೆ?”

“ನಲವತ್ತಾರು ವರ್ಷದಿಂದ ಅಲ್ಲೇ ನಿಂತಿದ್ದಾಳೆ ಆರ್ವಿಡ್.”

ಕೈಯ ಗ್ರೀಸು ಒರೆಸಿಕೊಂಡ. ಆಮೇಲೆ ನಿಯಮದ ಪುಸ್ತಕ ತಂದ. ಹಿಂದಕ್ಕೆ ಬರುವಾಗ ಕೋಲು ತಂತಿ ಬಿಟ್ಟು ಹಾರಬಹುದಂತೆ. ಅದಕ್ಕೆ ಕಂಡಕ್ಟರ್ ಹಿಂದಿನ ಮೆಟ್ಟಿಲ ಮೇಲೆ, ಕೋಲಿನ ಹಗ್ಗ ಹಿಡಿದು, ದಾರಿ ನೋಡುತ್ತಾ ನಿಂತಿರಬೇಕಂತೆ. ಅಂದರೆ ನಿನ್ನ ಕಡೆ ಮುಖ ಮಾಡಿ ಬರುವವಳು ನಾನೇ.

“ಎರಡು ಬಾರಿಸಿದ್ಯೋ, ನಾನು ಸೀದಾ ಸರೋವರಕ್ಕೆ ಹೋಗಿಬಿಡ್ತೀನಿ,” ಎಂದಿದ್ದಾನೆ.

ದಿನಾ ಅಭ್ಯಾಸ ಮಾಡುತ್ತಿದ್ದೇನೆ. ಮೂರು ಬಾರಿಸುತ್ತೇನೆ.

ಇರ್ಮಾ


ಡುಲೂತ್
15 ಆಗಸ್ಟ್ 1999

ಇರ್ಮಾ,

ಮೊನ್ನೆ ಗಾಡಿಯಲ್ಲಿ ನಾವು ಹೆಚ್ಚು ಮಾತಾಡಲಿಲ್ಲ. ಆಡಿದ್ದೂ ಹವಾಮಾನವೇ. ಅದಕ್ಕೇ ಬರೆಯುತ್ತಿದ್ದೇನೆ.

ನೀವು ದಾಟಿ ಹೋದಾಗ ನಾನು ಹಿಂದೆಯೇ ಎರಡು ಹೆಜ್ಜೆ ಇಟ್ಟೆ. ನಾನೇ ಹೇಳಿದ್ದು ದಾಟಿ ಹೋಗಿ ಎಂದು. ಆದರೂ ನಮ್ಮ ಮನೆ ನನ್ನ ಮುಂದೆ, ಕಿಟಕಿ ಕಿಟಕಿಯಲ್ಲೂ ಪರರ ಮುಖ ಹೊತ್ತು ಹೋಯಿತಲ್ಲ, ಅಮ್ಮನಿಗೆ ನಾನು ಹೋದಾಗ ಹೀಗೇ ಆಗಿರಬೇಕು ಎನಿಸಿತು. ನಿಂತಿರಿ. ಒಂದು ಬಂತು. ಎರಡು ಬಂತು. ಆಮೇಲೆ ಏನೂ ಬರಲಿಲ್ಲ. ನಾನು ಬಗ್ಗಿ ಲೇಸಿಗೆ ಕೈ ಹಾಕಿದೆ, ನಿಜವಾಗಿ. ಮೂರನೆಯದು ಬಂದದ್ದು ಆಮೇಲೆ. ಅಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಕೇಳುವುದಿಲ್ಲ. ನಿನಗೆ ಗೊತ್ತು.

ಗಾಡಿ ಹಿಂದೆ ಹಿಂದೆ ಬಂತು. ನೀನು ಮೆಟ್ಟಿಲ ಮೇಲೆ ಹಗ್ಗ ಹಿಡಿದು, ಟೋಪಿ ಓರೆಯಾಗಿ, ನನ್ನನ್ನೇ ನೋಡುತ್ತಾ ಬಂದೆ. ಗದ್ದ ಅಮ್ಮನದೇ. ಕೈಗೆ ಉಪ್ಪು ಮೆತ್ತಿರಲಿಲ್ಲ, ಅಷ್ಟೇ. ಹತ್ತಬಾರದೆಂದು ಅರ್ಧ ಮನಸ್ಸು ಮಾಡಿಕೊಂಡೇ ಬಂದಿದ್ದೆ. ಆದರೆ ನಿನ್ನ ಆರ್ವಿಡ್ ಮುಂದಿನಿಂದ ಕೂಗಿದನಲ್ಲ, “ಹತ್ತಮ್ಮ, ಮೂರು ಸಲ ಕರೆದಾಯ್ತು” ಎಂದು. ಆ ಮನೆಯಿಂದ ಯಾರೋ ಬಾಯಿ ಬಿಟ್ಟು ಕರೆದದ್ದು ಅದೇ ಮೊದಲು.

ನಿನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಕೇಳಿಸಿಕೊಂಡೂ ಹೋದೆ ಎಂದುಕೊಂಡೇ ಅಮ್ಮ ಸತ್ತಳು. ಅದನ್ನು ಯಾವ ಗಾಡಿಯೂ ಹಿಂದಕ್ಕೆ ತರುವುದಿಲ್ಲ. ಇಷ್ಟು ವರ್ಷ ಅವಳ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಈಗ ಎಲ್ಲಿ ಇಡಲಿ ಎಂದು ತಿಳಿಯದೆ ಮನೆ ತುಂಬಾ ಓಡಾಡುತ್ತಿದ್ದೇನೆ. ನಿನ್ನ ತಲೆಯ ಮೇಲೆ ಹಾಕೋಣವೆಂದರೆ ಆ ಓರೆ ಟೋಪಿ ನೆನಪಾಗುತ್ತದೆ.

ಸರೋವರದ ತುದಿಯಲ್ಲಿ ನೀನು ಸೀಟು ಮಗುಚುತ್ತಾ ಬಂದೆ, ನನ್ನ ಹತ್ತಿರ ಬಂದು, “ಏಳು, ನಿನ್ನದೂ ಮಗುಚಬೇಕು” ಎಂದೆ. ಎದ್ದೆ. ನೀನು ಟಿಕೆಟ್ ಕೊಡುವ ನೆಪದಲ್ಲೂ ಆ ಮೂರು ಗಾಜಿನ ಕಿಟಕಿಯ ಹತ್ತಿರ ಸುಳಿಯಲೇ ಇಲ್ಲ, ಗಮನಿಸಿದೆ. ಐವತ್ತೇಳಾದರೂ ನನ್ನ ಜಾಗಕ್ಕೆ ಬರಲು ಹೆದರುತ್ತೀಯ.

ಊರಿನ ಬಸ್ ನಿಲ್ದಾಣದಲ್ಲಿ ನನ್ನ ಬಸ್ಸು ಹೊರಟ ಮೇಲೆ, ನಾನು ನೋಡುತ್ತಿಲ್ಲ ಎಂದುಕೊಂಡು, ಜನರ ನಡುವೆ ನಿಂತು ಕೈ ಎತ್ತಿ ಗಾಳಿಯಲ್ಲಿ ಇಲ್ಲದ ಹಗ್ಗವನ್ನು ಎಳೆದೆಯಲ್ಲ. ಹಿಂದಿನ ಗಾಜಿನಿಂದ ನೋಡಿದೆ. ಎಷ್ಟು ಸಲ ಎಳೆದೆ ಎಂದು ಎಣಿಸಿದ್ದೇನೆ.

ಅಕ್ಟೋಬರಿನಲ್ಲಿ, ಕೋಸು ಹಾಕುವ ಹೊತ್ತಿಗೆ ಬರುತ್ತೇನೆ. ಭರಣಿ ತೊಳೆದಿಡು. ನಿನ್ನ ಮನೆಯಲ್ಲಿ ಕಿಟಕಿ ಕಡೆಯ ಹಾಸಿಗೆ ನನಗೆ.

ನಿನ್ನ ಅಕ್ಕ
ಅಡೆಲಾ